ಅಪ್‌ಡೇಟ್ ಆದಮೇಲೆ ಕನ್ನಡ ಟೈಪ್ ಆಗುತ್ತಿಲ್ಲ: ಇದು ವೈರಸ್ ಕೆಲಸವೇ?

"ರಿಮೋಟ್ ಸಾಫ್ಟ್‌ವೇರ್ ಅಪ್‌ಡೇಟ್ ಆದಮೇಲೆ ನುಡಿ ಕೆಲಸ ಮಾಡುತ್ತಿಲ್ಲವೇ? ನಿಮ್ಮ ಕಂಪ್ಯೂಟರ್ ಹ್ಯಾಕ್ ಆಗಿದೆ, ಕೂಡಲೇ ಈ ಲಿಂಕ್ ಒತ್ತಿ" ಎನ್ನುವ ಧಾಟಿಯ ಫಾರ್ವರ್ಡ್ ನಿಮ್ಮ ಗುಂಪಿಗೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಇದನ್ನು ಓದಿ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಹೀಗೆ ಯಾವ ಊರಿನ ಟೈಪಿಂಗ್ ಅಂಗಡಿಯಲ್ಲೂ ಅರ್ಜಿ, ಕರಾರು ಪತ್ರಗಳಿಗೆ ನುಡಿ ಅಥವಾ ಬರಹ ಬೇಕೇ ಬೇಕು. ಅಲ್ಲಿ ಕನ್ನಡ ಮೂಡದಿದ್ದರೆ ಹಳ್ಳಿಯಿಂದ ಬಂದವರ ಅರ್ಧ ದಿನ ಹೋದಂತೆ. ಗಾಬರಿ ಸಹಜ. ಆದರೆ ಇಂಥ ತೊಂದರೆಗೆ ಹೆಚ್ಚಿನ ಸಲ ವೈರಸ್ ಕಾರಣವಲ್ಲ. ಎರಡು ಸಾಫ್ಟ್‌ವೇರ್‌ಗಳು ಒಂದೇ ಕೀ ತಮಗೆ ಬೇಕೆಂದು ಕಿತ್ತಾಡುತ್ತಿರುತ್ತವೆ.

ವಿಂಡೋಸ್‌ನಲ್ಲಿ ಒಂದು ಸಾಫ್ಟ್‌ವೇರ್ "ಈ ಕೀಗಳನ್ನು ಒತ್ತಿದರೆ ನನಗೆ ಹೇಳು" ಎಂದು ನೋಂದಾಯಿಸಿಕೊಳ್ಳಬಹುದು. ಅದೇ ಜೋಡಿಯನ್ನು ಆಮೇಲೆ ಕೇಳಿದ ಸಾಫ್ಟ್‌ವೇರ್‌ಗೆ ಸಿಗುವುದಿಲ್ಲ. ಬಸ್ಸಿನ ಸೀಟಿಗೆ ಟವೆಲ್ ಹಾಕಿದ ಹಾಗೆ, ಮೊದಲು ಬಂದವರದ್ದೇ ಜಾಗ. ಅಪ್‌ಡೇಟ್ ಆದ ಸಾಫ್ಟ್‌ವೇರ್ ಕಂಪ್ಯೂಟರ್ ಆನ್ ಆದ ತಕ್ಷಣ ತಾನೇ ಶುರುವಾಗುವಂತಾದರೆ, ಅಥವಾ ಹೊಸ ಶಾರ್ಟ್‌ಕಟ್ ಸೇರಿಸಿಕೊಂಡರೆ, ಟವೆಲ್ ಅದರದ್ದಾಗುತ್ತದೆ. ನಿನ್ನೆಯವರೆಗೆ ಸರಿಯಿದ್ದದ್ದು ಇವತ್ತು ಕೆಡುವುದು ಹೀಗೆ.

ರೂಪಾಯಿ ಚಿಹ್ನೆಯನ್ನೇ ನೋಡಿ. ಇಂಗ್ಲಿಷ್ (ಇಂಡಿಯಾ) ಕೀಬೋರ್ಡ್‌ನಲ್ಲಿ ಬಲಗಡೆಯ ಆಲ್ಟ್ ಜೊತೆ 4 ಒತ್ತಿದರೆ ₹ ಬರುತ್ತದೆ. ವಿಂಡೋಸ್ ಈ ಬಲ ಆಲ್ಟನ್ನು ಕಂಟ್ರೋಲ್ ಮತ್ತು ಆಲ್ಟ್ ಒಟ್ಟಿಗೆ ಒತ್ತಿದಂತೆ ಲೆಕ್ಕ ಹಾಕುತ್ತದೆ. ಬೇರೊಂದು ಸಾಫ್ಟ್‌ವೇರ್ ಕಂಟ್ರೋಲ್+ಆಲ್ಟ್+4 ಹಿಡಿದಿಟ್ಟುಕೊಂಡರೆ ₹ ಮಾಯ.

ನುಡಿಯಲ್ಲಿ ಕನ್ನಡ ಮತ್ತು ಇಂಗ್ಲಿಷ್ ನಡುವೆ ಬದಲಾಯಿಸಲು ಸ್ಕ್ರಾಲ್ ಲಾಕ್ ಬಳಸುತ್ತಾರೆ. ಎಕ್ಸೆಲ್‌ಗೂ ಈ ಕೀ ಬೇಕು. ಅದು ಆನ್ ಆಗಿದ್ದರೆ ಬಾಣದ ಕೀ ಒತ್ತಿದಾಗ ಮುಂದಿನ ಮನೆಗೆ ಹೋಗುವ ಬದಲು ಇಡೀ ಹಾಳೆಯೇ ಸರಿಯುತ್ತದೆ. ಅದನ್ನು "ಸರಿಮಾಡಲು" ಒತ್ತಿದಿರೋ, ಕನ್ನಡ ಹೋಯಿತು! ಬರಹದಲ್ಲಿ ಭಾಷೆ ಬದಲಿಸುವ ಎಫ್11 ಬ್ರೌಸರ್‌ನಲ್ಲಿ ಪರದೆಯನ್ನು ದೊಡ್ಡದು ಮಾಡುವ ಕೀ.

ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಇನ್ನೊಂದು ತೊಡಕಿದೆ: ನೀವು ಒತ್ತಿದ ಕೀ ಯಾವ ಕಂಪ್ಯೂಟರ್‌ಗೆ ಸೇರಬೇಕು? ಸಾಮಾನ್ಯವಾಗಿ ಪೂರ್ತಿ ಪರದೆಯಲ್ಲಿದ್ದಾಗ ಮಾತ್ರ ಆಲ್ಟ್+ಟ್ಯಾಬ್ ದೂರದ ಕಂಪ್ಯೂಟರ್‌ಗೆ ಹೋಗುತ್ತದೆ, ಕಿಟಕಿ ಚಿಕ್ಕದಾದರೆ ನಿಮ್ಮಲ್ಲೇ ಉಳಿಯುತ್ತದೆ. ಕಂಟ್ರೋಲ್+ಆಲ್ಟ್+ಡಿಲೀಟ್ ಅಂತೂ ಆ ಕಡೆ ಹೋಗುವುದೇ ಇಲ್ಲ, ಅದಕ್ಕೆ ಕಂಟ್ರೋಲ್+ಆಲ್ಟ್+ಎಂಡ್ ಒತ್ತಬೇಕು.

ಹಾಗಾದರೆ ಏನು ಮಾಡಬೇಕು? ಗಡಿಯಾರದ ಪಕ್ಕದ ಚಿಕ್ಕ ಚಿತ್ರಗಳಲ್ಲಿ ಹೊಸದಾಗಿ ಅಪ್‌ಡೇಟ್ ಆದ ಸಾಫ್ಟ್‌ವೇರ್ ಯಾವುದೆಂದು ಹುಡುಕಿ ಮುಚ್ಚಿ. ನಂತರ ನುಡಿಯನ್ನೂ ಮುಚ್ಚಿ ಮತ್ತೆ ತೆರೆಯಿರಿ. ಕನ್ನಡ ಬಂದರೆ ಕಳ್ಳ ಸಿಕ್ಕಂತೆ. ಆ ಸಾಫ್ಟ್‌ವೇರ್‌ನ ಸೆಟ್ಟಿಂಗ್ಸ್‌ನಲ್ಲಿ ಶಾರ್ಟ್‌ಕಟ್ ಬದಲಿಸಿದರಾಯಿತು, ಅದನ್ನೇ ತೆಗೆದುಹಾಕಬೇಕಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಸ್ಕ್ರಾಲ್ ಲಾಕ್ ಇಲ್ಲವೇ? ವಿಂಡೋಸ್+ಕಂಟ್ರೋಲ್+ಓ ಒತ್ತಿದರೆ ಪರದೆ ಮೇಲೆ ಕೀಬೋರ್ಡ್ ಬರುತ್ತದೆ, ಅದರಲ್ಲಿದೆ.

ನಿಜವಾದ ಅಪಾಯ ಇರುವುದು ಫಾರ್ವರ್ಡ್‌ನ ಲಿಂಕ್‌ನಲ್ಲಿ, ಇಲ್ಲವೇ "ನಾವೇ ಸರಿಮಾಡಿಕೊಡುತ್ತೇವೆ, ಪರದೆಯ ಮೇಲಿನ ನಂಬರ್ ಹೇಳಿ" ಎನ್ನುವ ಅಪರಿಚಿತ ಕರೆಯಲ್ಲಿ. ಆ ನಂಬರ್ ಕೊಟ್ಟು ಅನುಮತಿ ಒತ್ತಿದರೆ ಕಂಪ್ಯೂಟರ್ ಅವರ ಕೈಗೆ ಹೋಗುತ್ತದೆ. ಆಗಲೇ ಕೊಟ್ಟುಬಿಟ್ಟಿದ್ದರೆ ಮೊದಲು ಇಂಟರ್ನೆಟ್ ಕಡಿತಗೊಳಿಸಿ. ಹಣ ಹೋಗಿದ್ದರೆ ತಡಮಾಡದೆ ಬ್ಯಾಂಕಿಗೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಕರೆ ಮಾಡಿ. ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ.