ಹಳೆಯ ಹರಿಗೋಲಿಗೆ ಹೊಸ ಹೊದಿಕೆ

ಹೊಸಪೇಟೆಯ ಅಣೆಕಟ್ಟೆಯಿಂದ ಇಳಿದ ತುಂಗಭದ್ರೆಯು ಹಂಪಿ, ಆನೆಗೊಂದಿಗಳ ನಡುವಿನ ಹೆಬ್ಬಂಡೆಗಳಲ್ಲಿ ಕವಲೊಡೆದು ಕಂಪ್ಲಿಯತ್ತ ಸಾಗುವ ಹರವಿನಲ್ಲಿ ಮಡುವಿನ ಮಗ್ಗುಲಲ್ಲೇ ಮೊಣಕಾಲುದ್ದದ ನೀರಿರುವುದರಿಂದ, ಚೂಪು ಮೂತಿಯ ಮರದ ದೋಣಿಗಿಂತ ಚಪ್ಪಟೆ ತಳದ ದುಂಡು ಹರಿಗೋಲೇ ಇಲ್ಲಿನ ಅಂಬಿಗರಿಗೂ ಮೀನುಗಾರರಿಗೂ ಒಗ್ಗಿಬಂದಿದೆ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಬಳಿ ಜನರು ಹೊಳೆ ದಾಟುತ್ತಿದ್ದ, ಒಳಗೆ ಬೆತ್ತದ ಹೆಣಿಗೆಯೂ ಹೊರಗೆ ತೊಗಲಿನ ಹೊದಿಕೆಯೂ ಇದ್ದ, ಹದಿನೈದಿಪ್ಪತ್ತು ಮಂದಿಯನ್ನು ಹೊರುತ್ತಿದ್ದ ಬುಟ್ಟಿಯಾಕಾರದ ದೋಣಿಗಳನ್ನು ವರ್ಣಿಸಿದ್ದಾನೆ. ಅವು ನೆಟ್ಟಗೆ ಸಾಗದೆ ಸುತ್ತುತ್ತಲೇ ಇರುತ್ತವೆಂಬ ಅವನ ಮಾತನ್ನು ಇಂದು ಹಂಪಿಯಲ್ಲಿ ಹರಿಗೋಲು ಹತ್ತುವ ಪ್ರವಾಸಿಗರೂ ಒಪ್ಪಿಯಾರು.

ಅಂದಿನಿಂದ ಇಂದಿಗೆ ಬದಲಾಗಿರುವುದು ಮುಖ್ಯವಾಗಿ ಹೊದಿಕೆ. ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಗೊಬ್ಬರದ ಚೀಲಗಳ ಹೊಲಿಗೆ ಮತ್ತು ಅವುಗಳ ಮೇಲೆ ಬಳಿಯುವ ಡಾಂಬರು ಬಂದಿವೆ. ಆದರೂ ಹೆಣಿಗೆಯೂ ಹೊದಿಕೆಯೂ ಬೇರೆಬೇರೆಯಾಗಿಯೇ ಉಳಿದಿರುವುದರಿಂದ ಹಳೆಯ ಹರಿಗೋಲನ್ನು ಸರಿಪಡಿಸುವ ಕೆಲಸವು ಲೋಹದ ದೋಣಿಯ ದುರಸ್ತಿಗಿಂತ ಬೇರೆಯೇ ಬಗೆಯದು. ಹೊರದೇಶಗಳ ಸಿಹಿನೀರಿನ ಕೆರೆಗಳಲ್ಲಿ ಬಳಕೆಯಲ್ಲಿರುವ ಅಲ್ಯೂಮಿನಿಯಂ ದೋಣಿಯಲ್ಲಿ ನೀರನ್ನು ತಡೆಯುವ ತಗಡೇ ಭಾರವನ್ನೂ ಹೊರುತ್ತದೆ. ತಗಡುಗಳನ್ನು ಬೆಸೆದ ರಿವೆಟ್ಟುಗಳು, ಅಂದರೆ ಎರಡೂ ತುದಿ ಚಪ್ಪಟೆಯಾಗಿಸಿದ ಮೊಳೆಗಳು, ಸಡಿಲವಾದಾಗ ಅವನ್ನು ಬಡಿದು ಬಿಗಿಗೊಳಿಸಬೇಕಾಗುತ್ತದೆ. ಹರಿಗೋಲಿನಲ್ಲಾದರೋ ಭಾರ ಹೊರುವುದು ಬಿದಿರಿನ ಹೆಣಿಗೆ, ನೀರು ತಡೆಯುವುದು ಹೊದಿಕೆ. ಹೊದಿಕೆಯನ್ನು ಎಷ್ಟು ಬಾರಿಯಾದರೂ ಬದಲಿಸಬಹುದು. ಹೆಣಿಗೆ ಸತ್ತರೆ ಹರಿಗೋಲೂ ಸತ್ತಂತೆಯೇ.

ಆದುದರಿಂದ ಹರಿಗೋಲನ್ನು ಬೋರಲು ಹಾಕಿ, ಸಿಪ್ಪೆ ಎದ್ದ ಹಳೆಯ ಡಾಂಬರನ್ನೂ ಹರಿದ ಹಾಳೆಯನ್ನೂ ಕಿತ್ತು, ಬಿದಿರಿನ ದಬ್ಬೆಗಳನ್ನು ಒಂದೊಂದಾಗಿ ಒತ್ತಿ ನೋಡುವುದೇ ಮೊದಲ ಕೆಲಸವಾಗಬೇಕು. ಬಿದಿರಿನಲ್ಲಿರುವ ಪಿಷ್ಟಕ್ಕೆ ಹುಳು ಬೀಳುತ್ತದೆ; ಸಣ್ಣ ತೂತುಗಳಿಂದ ಹಿಟ್ಟಿನಂತಹ ಪುಡಿ ಉದುರಿದರೆ ಆ ದಬ್ಬೆ ಹೊರಗೆ ಗಟ್ಟಿಯಾಗಿ ಕಂಡರೂ ಒಳಗೆ ಟೊಳ್ಳಾಗಿದೆಯೆಂದು ತಿಳಿಯಬೇಕು. ಹೊಸ ದಬ್ಬೆಗಳನ್ನು ಹೆಣೆಯುವ ಮೊದಲು ಬಿದಿರನ್ನು ಕೆಲವು ವಾರ ನೀರಿನಲ್ಲಿ ನೆನೆಹಾಕುವುದರಿಂದ ಪಿಷ್ಟದ ಅಂಶ ಕಡಿಮೆಯಾಗಿ ಹುಳುವಿನ ಕಾಟ ತಗ್ಗುತ್ತದೆ. ತಳದಲ್ಲಿ ಒಂದೆರಡು ದಬ್ಬೆಗಳು ಮುರಿದಿದ್ದರೆ ಪಕ್ಕದಲ್ಲಿ ಹೊಸದನ್ನು ತೂರಿಸಿ ಬಿಗಿಯಬಹುದು, ಆದರೆ ಬಾಯಿಯ ಸುತ್ತಲಿನ ದಪ್ಪ ಅಂಚು ಬಿಚ್ಚಿಕೊಂಡು ದುಂಡಗಿನ ಆಕಾರವೇ ಕೆಟ್ಟಿದ್ದರೆ ದುರಸ್ತಿಯ ಆಸೆ ಬಿಡುವುದು ಲೇಸು.

ಹೊದಿಕೆಯ ಕೆಲಸಕ್ಕೆ ಹೊಳೆ ಇಳಿದ ಬೇಸಿಗೆಯೇ ತಕ್ಕ ಕಾಲ. ಹಸಿ ಮೇಲ್ಮೈಗೆ ಡಾಂಬರು ಅಂಟದಿರುವುದರಿಂದ ಹೆಣಿಗೆಯೂ ಹಾಳೆಯೂ ಪೂರ್ತಿ ಒಣಗಿರಬೇಕು. ಕಾಸಿದ ಡಾಂಬರನ್ನು ತೆಳುವಾಗಿ, ಎರಡು ಪದರಗಳಲ್ಲಿ ಬಳಿದರೆ ಅದು ಹೆಣಿಗೆಯೊಂದಿಗೆ ಬಾಗಿ ಬಳುಕುತ್ತದೆ. ಒಂದೇ ಸಲಕ್ಕೆ ದಪ್ಪಗೆ ಮೆತ್ತಿದ್ದು ಬಿಸಿಲಿಗೆ ಮೆದುವಾಗಿ ಜಾರಿ, ಕಲ್ಲಿಗೆ ಉಜ್ಜಿದಾಗ ಹಪ್ಪಳವಾಗಿ ಏಳುತ್ತದೆ. ಹಳೆಯ ತೇಪೆಯ ಮೇಲೆ ಮತ್ತೊಂದು ತೇಪೆ ಹಚ್ಚುವ ರೂಢಿಯಿಂದ ಹಣ ಉಳಿಯುತ್ತದೆ ನಿಜ; ಆದರೆ ದಡದಲ್ಲಿ ಹೊತ್ತೊಯ್ಯಲು ಹಗುರವಾಗಿರಬೇಕೆಂಬ ಹರಿಗೋಲಿನ ಮೂಲಗುಣವೇ ಅದರಿಂದ ಕ್ರಮೇಣ ಇಲ್ಲವಾಗುತ್ತದೆ.

ಈಚೆಗೆ ಬಂದಿರುವ ಫೈಬರ್ ಹರಿಗೋಲುಗಳಿಗೆ, ಅಂದರೆ ಗಾಜಿನ ನಾರನ್ನು ರಾಳದಲ್ಲಿ ಅದ್ದಿ ಎರಕ ಹೊಯ್ದವುಗಳಿಗೆ, ಹುಳುವಿನ ಭಯವಿಲ್ಲ. ಆದರೆ ಬಂಡೆಗೆ ಬಡಿದಾಗ ಅವು ಬಿದಿರಿನಷ್ಟು ಬಳುಕದೆ ಬಿರುಕು ಬಿಡುತ್ತವೆ. ಅಂಥ ಬಿರುಕನ್ನು ಮುಚ್ಚಲು ಸುತ್ತಲ ಭಾಗವನ್ನು ಉಜ್ಜಿ ಒರಟಾಗಿಸಿ, ಹೊಸ ನಾರನ್ನೂ ರಾಳವನ್ನೂ ಕೂರಿಸಬೇಕಾಗುತ್ತದೆ.

ಯಾವ ಬಗೆಯದಾದರೂ ದುರಸ್ತಿಯ ನಂತರ ಬರಿದಾಗಿ ತೇಲಿಸಿ ನೋಡಿದರೆ ಸಾಲದು. ಬರಿದಾದ ಹರಿಗೋಲಿನ ಪಕ್ಕದ ಹೊಲಿಗೆಗಳು ನೀರಿನಿಂದ ಮೇಲೆಯೇ ಉಳಿಯುತ್ತವೆ. ದಡದ ಹತ್ತಿರದ ಸೊಂಟಮಟ್ಟದ ನೀರಿನಲ್ಲಿ, ಹೊರಬೇಕಾದ ಮಂದಿಯ ತೂಕಕ್ಕೆ ಸಮನಾದ ಮರಳಿನ ಚೀಲಗಳನ್ನು ಹೇರಿ ಒಂದು ಹೊತ್ತು ಬಿಟ್ಟಾಗಲೇ ಅಂಚಿನ ಕೆಳಗಿನ ಒಸರು ಕಾಣಿಸಿಕೊಳ್ಳುತ್ತದೆ.