ರೂಪಾಯಿ ಬೇಡ, ಚಿನ್ನ ಕೊಡಿ: 1933ರಲ್ಲಿ ಜಿದ್ದಾದಲ್ಲಿ ನಡೆದದ್ದು

ಶುಕ್ರವಾರ ಸಂಜೆ ದಮ್ಮಾಮಿನಲ್ಲಿ ಊರಿಗೆ ದುಡ್ಡು ಕಳಿಸೋಕೆ ಸಾಲಲ್ಲಿ ನಿಂತರೆ ನಮ್ಮವರ ಬಾಯಲ್ಲಿ ಎರಡೇ ಮಾತು. ಇವತ್ತು ರೇಟು ಎಷ್ಟು? ಅಮೆರಿಕದ ಅಧ್ಯಕ್ಷ ಏನಂದ? ಎರಡಕ್ಕೂ ಸಂಬಂಧ ಇದೆ. 1986ರಿಂದ ಒಂದು ಡಾಲರಿಗೆ 3.75 ರಿಯಾಲ್ ಅಂತ ಕಟ್ಟಿಹಾಕಿದ್ದಾರೆ. ಡಾಲರ್ ಏರಿದರೆ ನಮ್ಮ ರಿಯಾಲಿಗೂ ನಾಲ್ಕು ರೂಪಾಯಿ ಜಾಸ್ತಿ. ಆದರೆ ವಾಷಿಂಗ್ಟನ್ನಿನ ಹುಕುಂ ಈ ನೆಲಕ್ಕೆ ತಟ್ಟಿದ್ದು ನಿನ್ನೆ ಮೊನ್ನೆ ಅಲ್ಲ. ಈ ದೇಶದಲ್ಲಿ ಎಣ್ಣೆ ಸಿಗುವ ಮೊದಲೇ ತಟ್ಟಿತ್ತು, ಅದೂ ಚಿನ್ನದ ವಿಷಯದಲ್ಲಿ.

ಆಗ ದೊರೆ ಅಬ್ದುಲ್ ಅಜೀಜರ ಖಜಾನೆಗೆ ಮುಖ್ಯ ಆದಾಯ ಹಜ್ ಯಾತ್ರಿಕರಿಂದ. 1929ರಲ್ಲಿ ನ್ಯೂಯಾರ್ಕಿನ ಶೇರುಪೇಟೆ ಕುಸಿದು ಲೋಕವೆಲ್ಲ ಬಡವಾಯಿತು. ಜಾವಾದಿಂದ, ಹಿಂದೂಸ್ತಾನದಿಂದ ಹಡಗು ಹತ್ತುವವರ ಕೈಯಲ್ಲೂ ಕಾಸಿಲ್ಲ. ಇಲ್ಲಿ ಸರ್ಕಾರಿ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿ. ಸಂಬಳ ಬಾಕಿ ಅಂದರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ.

ಅಮೆರಿಕಕ್ಕೆ ಆಗ ಈ ಕಡೆ ಆಸಕ್ತಿ ಅಷ್ಟಕ್ಕಷ್ಟೆ. ಅಧ್ಯಕ್ಷ ಹೂವರ್ 1931ರಲ್ಲಿ ಈ ದೊರೆತನಕ್ಕೆ ಮಾನ್ಯತೆ ಕೊಟ್ಟರು, ಆದರೆ ಜಿದ್ದಾದಲ್ಲಿ ಕಚೇರಿ ತೆರೆಯಲಿಲ್ಲ. ಬಂದದ್ದು ಸರ್ಕಾರ ಅಲ್ಲ, ಕಂಪನಿ. 1932ರಲ್ಲಿ ಬಹ್ರೇನಿನಲ್ಲಿ ಎಣ್ಣೆ ಕಂಡ ಸ್ಟ್ಯಾಂಡರ್ಡ್ ಆಯಿಲ್ ಆಫ್ ಕ್ಯಾಲಿಫೋರ್ನಿಯಾ, ಸಮುದ್ರದ ಈಚೆ ದಡದ ಮೇಲೂ ಕಣ್ಣಿಟ್ಟಿತು.

ಜಿದ್ದಾದಲ್ಲಿ ಮಾತುಕತೆಗೆ ಕೂತದ್ದು ಎರಡು ಕಡೆಯವರು. ಕ್ಯಾಲಿಫೋರ್ನಿಯಾದವರ ಪರ ಲಾಯ್ಡ್ ಹ್ಯಾಮಿಲ್ಟನ್, ಇರಾಕ್ ಪೆಟ್ರೋಲಿಯಂ ಕಂಪನಿಯ ಪರ ಸ್ಟೀಫನ್ ಲಾಂಗ್ರಿಗ್. ದೊರೆಯ ಹಣಕಾಸು ಮಂತ್ರಿ ಅಬ್ದುಲ್ಲಾ ಸುಲೈಮಾನ್ ಚಿನ್ನ ಕೇಳಿದರು. ಇರಾಕ್ ಕಂಪನಿಯ ಯಜಮಾನರು ರೂಪಾಯಿ ಲೆಕ್ಕ ಬಿಟ್ಟು ಮೇಲೇಳಲಿಲ್ಲ. ಹೌದು, ನಮ್ಮ ರೂಪಾಯಿಯೇ. ಆಗ ಕೊಲ್ಲಿಯ ಕರಾವಳಿಯಲ್ಲೆಲ್ಲ ಅದು ಓಡುತ್ತಿತ್ತು. ಅಮೆರಿಕದವರು ಚಿನ್ನಕ್ಕೆ ಒಪ್ಪಿದರು. 1933ರ ಮೇ 29ರಂದು ರುಜು ಬಿತ್ತು.

ಕರಾರು 60 ವರ್ಷದ್ದು. ಶುರುವಿನಲ್ಲಿ 30,000 ಚಿನ್ನದ ಪೌಂಡ್ ಸಾಲ, ಮೊದಲ ವರ್ಷದ ಬಾಡಿಗೆ 5,000. ಎಣ್ಣೆ ಸಿಕ್ಕರೆ ಟನ್ನಿಗೆ 4 ಚಿನ್ನದ ಶಿಲ್ಲಿಂಗ್. ಚಿನ್ನದ ಪೌಂಡ್ ಅಂದರೆ ಸವರನ್ ನಾಣ್ಯ. ನಮ್ಮ ಕರಾವಳಿಯಲ್ಲಿ ಮದುವೆ ಮಾತಾಡುವಾಗ ಎಷ್ಟು ಪವನ್ ಅಂತ ಕೇಳ್ತಾರಲ್ಲ, ಆ ಪವನ್ ಹುಟ್ಟಿದ್ದು ಇದರಿಂದಲೇ. ಒಟ್ಟು 35,000 ಪವನ್ ಅನ್ನಿ, ಸುಮಾರು 280 ಕಿಲೋ.

ಇಲ್ಲೇ ತೊಡಕು. ಮಾರ್ಚಿನಲ್ಲಿ ರೂಸ್‌ವೆಲ್ಟ್ ಅಧ್ಯಕ್ಷರಾಗಿದ್ದರು. ಬ್ಯಾಂಕುಗಳು ಮುಳುಗುತ್ತಿದ್ದವು, ಜನ ಚಿನ್ನ ಬಚ್ಚಿಡುತ್ತಿದ್ದರು. ಏಪ್ರಿಲ್ 5ಕ್ಕೆ ಹೊಸ ಅಧ್ಯಕ್ಷರ ಆಜ್ಞೆ ಬಂತು: ಕೈಯಲ್ಲಿರುವ ಚಿನ್ನದ ನಾಣ್ಯ, ಗಟ್ಟಿ ತಂದು ಒಪ್ಪಿಸಿ. ಒಬ್ಬರಿಗೆ 100 ಡಾಲರಿನಷ್ಟು ಮಾತ್ರ ಇಟ್ಟುಕೊಳ್ಳಬಹುದು. ಹೊರದೇಶಕ್ಕೆ ಚಿನ್ನ ಸಾಗಿಸೋದೂ ಬಂದ್. ಕಂಪನಿ ವಿಶೇಷ ಅನುಮತಿ ಕೇಳಿತು. ಖಜಾನೆ ಇಲಾಖೆಯ ಡೀನ್ ಅಚೆಸನ್ ಆಗೋದಿಲ್ಲ ಅಂದುಬಿಟ್ಟರು. ಇಲ್ಲಿ ದೊರೆಗೆ ಕೊಟ್ಟ ಗಡುವು ಹತ್ತಿರ ಬರ್ತಾ ಇದೆ. ಕೊನೆಗೆ ಕಂಪನಿ ಲಂಡನ್ನಿನಲ್ಲಿ ಸವರನ್ ಕೊಂಡು ಹಡಗಿಗೆ ಹಾಕಿತು. ಆಗಸ್ಟ್ ಕೊನೆಗೆ ಜಿದ್ದಾದ ಡಚ್ ಬ್ಯಾಂಕಿನ ಮೇಜಿನ ಮೇಲೆ ಒಂದೊಂದಾಗಿ ಎಣಿಸಿ ಕೊಟ್ಟರು. ಅಮೆರಿಕ ಸರ್ಕಾರ ಎಣ್ಣೆಗಾಗಿ ಹೂಡಿದ ದೊಡ್ಡ ಸಂಚು ಇದು ಅನ್ನುವವರು ನಮ್ಮ ರೂಮುಗಳಲ್ಲೂ ಇದ್ದಾರೆ. ನಮಗಂತೂ ಹಾಗೆ ಕಾಣುವುದಿಲ್ಲ. ಆ ಸರ್ಕಾರ ಅಡ್ಡಗಾಲು ಹಾಕಿದ್ದೇ ಹೆಚ್ಚು.

ಅದೇ ವರ್ಷಗಳಲ್ಲಿ ನಮ್ಮ ದೇಶದ ರೈತರು ಬೆಳೆಗೆ ಬೆಲೆ ಸಿಗದೆ ಬಳೆ, ಸರ ಮಾರುತ್ತಿದ್ದರು. ಆ ಚಿನ್ನ ಮುಂಬಯಿಯಿಂದ ಲಂಡನ್ನಿಗೆ ಹಡಗು ಹತ್ತುತ್ತಿತ್ತು. 1934ರ ಜನವರಿಯಲ್ಲಿ ರೂಸ್‌ವೆಲ್ಟ್ ಔನ್ಸಿನ ಬೆಲೆಯನ್ನು 20.67ರಿಂದ 35 ಡಾಲರಿಗೆ ಏರಿಸಿದರು. ಕೋಲಾರದ ಗಣಿ ನಡೆಸುವವರಿಗೆ ಖುಷಿಯೇ ಆಗಿರಬೇಕು. ಬಳೆ ಮಾರಿ ಮುಗಿಸಿದವರಿಗೆ ಏನು ಬಂತು?

1933ರ ಸೆಪ್ಟೆಂಬರಿನಲ್ಲಿ ಕಂಪನಿಯ ಭೂಗರ್ಭಶಾಸ್ತ್ರಜ್ಞರು ಜುಬೈಲಿನಲ್ಲಿ ಇಳಿದರು. ವರ್ಷಗಟ್ಟಲೆ ಹುಡುಕಿದರೂ ದಕ್ಕಿದ್ದು ಕಡಿಮೆ. 1938ರ ಮಾರ್ಚಿನಲ್ಲಿ ದಹ್ರಾನಿನ 7ನೇ ಬಾವಿ ಒಲಿಯಿತು. 1939ರ ಮೇ 1ರಂದು ರಾಸ್ ತನೂರಾದಲ್ಲಿ ದೊರೆಯೇ ವಾಲ್ವ್ ತಿರುಗಿಸಿ ಮೊದಲ ಟ್ಯಾಂಕರ್ ತುಂಬಿಸಿದರು.

ಆಮೇಲೂ ರೂಸ್‌ವೆಲ್ಟ್ ಮನಸ್ಸು ತಕ್ಷಣ ಬದಲಾಗಲಿಲ್ಲ. ಯುದ್ಧ ಬಂದು ಯಾತ್ರಿಕರು ಮತ್ತೆ ನಿಂತಾಗ ದೊರೆಗೆ ಸಹಾಯ ಬೇಕಾಯಿತು. 1941ರ ಜುಲೈನಲ್ಲಿ ಅವರ ಉತ್ತರ, ಇದು ನಮಗೆ ಸ್ವಲ್ಪ ದೂರದ ಜಾಗ, ಬ್ರಿಟಿಷರೇ ನೋಡಿಕೊಳ್ಳಲಿ ಎಂಬರ್ಥದ್ದು. 1943ರ ಫೆಬ್ರವರಿಯಲ್ಲಿ ಅದೇ ಅಧ್ಯಕ್ಷರು, ಸೌದಿಯ ರಕ್ಷಣೆ ಅಮೆರಿಕದ ರಕ್ಷಣೆಗೆ ಅತ್ಯಗತ್ಯ ಅಂತ ಘೋಷಿಸಿದರು. ಮಧ್ಯೆ ಒಂದೂವರೆ ವರ್ಷ, ಅಷ್ಟೇ.

ಕಂಪನಿಯ ಪಾಲಿಗೆ ಕರಾರು ಮಾತ್ರ ಬದಲಾಗಿರಲಿಲ್ಲ. ಎಣ್ಣೆಯ ಪಾಲು ಚಿನ್ನದಲ್ಲೇ ಕೊಡಬೇಕು. 1933ರಲ್ಲಿ ಒಂದು ನಾಣ್ಯವನ್ನೂ ದಾಟಗೊಡದ ಅಮೆರಿಕ, ಯುದ್ಧ ಮುಗಿಯುವ ಹೊತ್ತಿಗೆ ತನ್ನ ಫಿಲಡೆಲ್ಫಿಯಾ ಟಂಕಸಾಲೆಯಲ್ಲೇ ಸೌದಿಗಾಗಿ ಚಿನ್ನದ ಬಿಲ್ಲೆ ಹೊಡೆಸಿ ಕಳಿಸಿತು. ಒಂದೊಂದು ಬಿಲ್ಲೆ ನಾಲ್ಕು ಪವನ್ ತೂಕದ್ದು, ಮೇಲೆ ಅಮೆರಿಕದ ಹದ್ದಿನ ಮುದ್ರೆ.