ವೀರನೆಂದು ಯಾರನ್ನು ಕರೆಯಬೇಕು?

‘ವೀರ’ ಎಂಬ ಮಾತು ಈಗ ಬಹಳ ಅಗ್ಗವಾಗಿದೆ. ಸಂಜೆ ತಮ್ಮ ರೇಡಿಯೋದ ಮುಂದೆ ಒಂದು ಗಂಟೆ ಕುಳಿತರೆ ಸಾಕು. ನೂರು ಓಟ ಹೊಡೆದ ಆಟಗಾರನೂ ವೀರ, ಚುನಾವಣೆ ಗೆದ್ದವನೂ ವೀರ, ಚಲಚ್ಚಿತ್ರದಲ್ಲಿ ಹತ್ತು ಜನರನ್ನು ಉರುಳಿಸಿದವನಂತೂ ಮಹಾವೀರ. ಮನೆಯ ಮಕ್ಕಳು ಇದನ್ನೆಲ್ಲ ಕೇಳುತ್ತಿರುತ್ತಾರೆ. ನಾವು ಯಾರನ್ನು ಹೊಗಳುತ್ತೇವೆಯೋ ಅವನಂತಾಗಲು ಅವರು ಬಯಸುತ್ತಾರೆ. ಆದಕಾರಣ ಈ ಮಾತಿನ ಅರ್ಥವನ್ನು ಕೊಂಚ ವಿಚಾರಿಸುವುದು ಕಾಲಹರಣವಲ್ಲ.

ನಿಘಂಟನ್ನು ತೆರೆದರೆ ಶೂರ, ಪರಾಕ್ರಮಿ, ಕಲಿ, ಕಟ್ಟಾಳು ಎಂದು ಒಂದು ಮಾತಿಗೆ ಇನ್ನೊಂದು ಮಾತು ಸಿಕ್ಕೀತು, ಅರ್ಥ ಸಿಕ್ಕಲಾರದು. ಅದಕ್ಕಿಂತ ಒಳ್ಳೆಯ ಸಾಕ್ಷಿ ನಮ್ಮ ಊರುಗಳ ಬಾಗಿಲಲ್ಲಿ, ಕೆರೆಯ ಏರಿಯ ಮೇಲೆ, ಹನುಮಂತನ ಗುಡಿಯ ಪಕ್ಕದಲ್ಲಿ ನಿಂತಿದೆ. ಅದೇ ವೀರಗಲ್ಲು. ಕನ್ನಡ ನಾಡಿನಲ್ಲಿ ಇಂಥ ಕಲ್ಲುಗಳು ಎರಡು ಸಾವಿರಕ್ಕೂ ಮಿಕ್ಕಿವೆ. ಎಷ್ಟೋ ಊರಲ್ಲಿ ಅದರ ಮೇಲೆ ಬಟ್ಟೆ ಒಗೆಯುತ್ತಾರೆ, ದನ ಕಟ್ಟುತ್ತಾರೆ. ಅದು ಬೇರೆ ಸಂಗತಿ. ಸಾಮಾನ್ಯವಾಗಿ ಕಲ್ಲಿನ ಮೈಯಲ್ಲಿ ಮೂರು ಅಂಕಣಗಳಿರುತ್ತವೆ. ಕೆಳಗಿನದರಲ್ಲಿ ಕಾಳಗ, ನಡುವಿನದರಲ್ಲಿ ಮಡಿದವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲಿನದರಲ್ಲಿ ಶಿವಲಿಂಗದ ಸನ್ನಿಧಿ. ಬರಹವಿದ್ದರೆ ಕಾರಣವೂ ತಿಳಿಯುತ್ತದೆ: ಕಳ್ಳರು ಹೊಡೆದುಕೊಂಡು ಹೋಗುತ್ತಿದ್ದ ತುರುಗಳನ್ನು ಮರಳಿಸಿ ಸತ್ತ, ಹೆಂಗಸರ ಮೊರೆ ಕೇಳಿ ಓಡಿಬಂದು ಸತ್ತ, ಊರು ಅಳಿಯುವಾಗ ಕಾದಿ ಸತ್ತ.

ಇಲ್ಲಿ ತಾವು ಗಮನಿಸಬೇಕಾದುದು ಒಂದಿದೆ. ಕಲ್ಲಿನಲ್ಲಿರುವವನು ಬಹುಮಟ್ಟಿಗೆ ಗೆದ್ದುಬಂದವನಲ್ಲ, ಸತ್ತವನು. ಊರು ಉಳಿಯಿತೆ, ಬಿಟ್ಟಿತೆ ಎಂಬುದನ್ನು ಕಲ್ಲು ಅನೇಕ ವೇಳೆ ಹೇಳುವುದೇ ಇಲ್ಲ. ಅವನು ಓಡಿಹೋಗಬಹುದಾಗಿತ್ತು, ಹೋಗಲಿಲ್ಲ ಎಂಬುದಷ್ಟೇ ಅದಕ್ಕೆ ಮುಖ್ಯ. ಮತ್ತೊಂದು: ಆ ಕಲ್ಲನ್ನು ಅವನು ನೆಡಿಸಿಕೊಂಡದ್ದಲ್ಲ, ಉಳಿದವರು ನೆಟ್ಟದ್ದು. ಬರಿಯ ಕಲ್ಲು ನೆಟ್ಟು ಕೈತೊಳೆದುಕೊಳ್ಳುತ್ತಲೂ ಇರಲಿಲ್ಲ. ಮಡಿದವನ ಮನೆಯವರಿಗೆ ‘ನೆತ್ತರುಗೊಡಗೆ’ ಎಂದು ಭೂಮಿ ಬಿಡುವ ವಾಡಿಕೆಯಿತ್ತು. ಅನ್ನ ತರುವವನು ಹೋದಮೇಲೆ ಆ ಮನೆಯ ಒಲೆ ಉರಿಯಬೇಕಲ್ಲವೆ?

ಈ ಗೌರವ ಮನುಷ್ಯನಿಗೇ ಮೀಸಲಾಗಿರಲಿಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಕಲ್ಲು ಒಂದು ನಾಯಿಯದು. ತಕ್ಕೋಲದ ಯುದ್ಧದಲ್ಲಿ ಚೋಳರ ಮೇಲೆ ಕಾದಿದ ಮಣಲೆರನಿಗೆ ಗಂಗ ದೊರೆ ಬೂತುಗನು ಬೇಕಾದುದನ್ನು ಕೇಳೆಂದನಂತೆ. ಅವನು ಕೇಳಿದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಸೆಣಸಿತು. ಎರಡೂ ಒಟ್ಟಿಗೆ ಸತ್ತವು. ನಾಯಿಗೆ ಕಲ್ಲು ನಿಂತಿತು, ಅದರ ಪೂಜೆಗೆ ಭೂಮಿ ಬಿಟ್ಟರು, ಪೂಜಿಸದೆ ಉಣ್ಣುವ ಗೊರವನಿಗೆ ನಾಯಿ ಕೊಂದ ಪಾಪವೆಂದೂ ಬರೆಯಿಸಿದರು.

ಹಾಗೆಂದು ಹಳೆಯ ಕಲ್ಲು ಹೇಳಿದ್ದೆಲ್ಲ ಒಪ್ಪತಕ್ಕದ್ದೆಂದಲ್ಲ. ಹಳೇಬೀಡಿನ ಗರುಡಗಂಬ ಹೊಯ್ಸಳ ಇಮ್ಮಡಿ ಬಲ್ಲಾಳನ ಆಪ್ತ ಕುವರ ಲಕ್ಷ್ಮನ ನೆನಪಿನದು. ಒಡೆಯನಿಗಾಗಿ ಅವನೂ ಅವನ ಹೆಂಡತಿಯೂ ಅನೇಕ ಪರಿವಾರದವರೂ ಪ್ರಾಣ ಕೊಟ್ಟರು. ಆ ನಿಷ್ಠೆಯ ಮುಂದೆ ತಲೆ ಬಾಗುತ್ತದೆ. ಆದರೆ ಆ ಸಾವುಗಳಿಂದ ಯಾರ ಪ್ರಾಣ ಉಳಿಯಿತು ಎಂದು ಕೇಳಿಕೊಂಡರೆ ಉತ್ತರ ಸಿಕ್ಕುವುದಿಲ್ಲ. ತುರು ಕಾಯ್ದು ಸತ್ತ ಹೆಸರಿಲ್ಲದ ಆಳು ನನ್ನ ಲೆಕ್ಕದಲ್ಲಿ ಅವನಿಗಿಂತ ಮೇಲೆ.

ಇನ್ನು ರಾಯಚೂರು ಸೀಮೆಯತ್ತ ತಿರುಗೋಣ. ಕೃಷ್ಣೆ ತುಂಗಭದ್ರೆಗಳ ನಡುವಣ ಈ ಎಡೆದೊರೆ ನಾಡಿಗಾಗಿ ಆದಷ್ಟು ಯುದ್ಧಗಳು ದಕ್ಷಿಣದಲ್ಲಿ ಬೇರೆಲ್ಲಿಯೂ ಆಗಿರಲಾರವು. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಕೋಟೆ ವಿಜಯನಗರಕ್ಕೂ ಬಹಮನಿ, ಬಿಜಾಪುರಗಳಿಗೂ ಮತ್ತೆ ಮತ್ತೆ ಕೈ ಬದಲಾಯಿಸಿತು. ಲಿಂಗಸುಗೂರಿನಿಂದ ಸಿಂಧನೂರಿನ ಹಾದಿಯಲ್ಲಿರುವ ಮಸ್ಕಿಯೇ, ರಾಜೇಂದ್ರ ಚೋಳನು ಚಾಲುಕ್ಯ ಜಯಸಿಂಹನನ್ನು ಸೋಲಿಸಿದೆನೆಂದು ಹೇಳಿಕೊಂಡ ‘ಮುಶಂಗಿ’ಯೆಂದು ಕೆಲವು ವಿದ್ವಾಂಸರು ಗುರುತಿಸುತ್ತಾರೆ.

ಆದರೆ ಮಸ್ಕಿ ಇಂದು ಲೋಕಪ್ರಸಿದ್ಧವಾಗಿರುವುದು ಆ ಯುದ್ಧದಿಂದಲ್ಲ. 1915ರಲ್ಲಿ ಚಿನ್ನದ ನೆಲೆ ಹುಡುಕುತ್ತ ಬಂದ ಬೀಡನ್ ಎಂಬ ಗಣಿ ಎಂಜಿನಿಯರರಿಗೆ ಅಲ್ಲಿಯ ಗುಡ್ಡದ ಬಂಡೆಯ ಮೇಲೆ ಎಂಟು ಸಾಲು ಬ್ರಾಹ್ಮೀ ಬರಹ ಕಾಣಿಸಿತು. ಅದುವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ದೊರೆಯ ಹೆಸರು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಇತ್ತು. ಮಸ್ಕಿಯ ಬಂಡೆಯಲ್ಲಿ ‘ಅಶೋಕ’ ಎಂಬ ಹೆಸರೇ ಸಿಕ್ಕಿ ಸಂಶಯ ಪರಿಹಾರವಾಯಿತು. ನಿಟ್ಟೂರು, ಉಡೇಗೋಳ, ಮಧ್ಯಪ್ರದೇಶದ ಗುಜರ್ರಾಗಳಲ್ಲಿ ಆ ಹೆಸರು ದೊರೆತದ್ದು ಆಮೇಲೆ.

ಕಳಿಂಗವನ್ನು ಗೆದ್ದ ದೊರೆ ಈತ. ಅಲ್ಲಿ ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನ ಸೆರೆಹೋದರು ಎಂದು ತನ್ನ ಹದಿಮೂರನೆಯ ಶಾಸನದಲ್ಲಿ ತಾನೇ ಲೆಕ್ಕ ಕೊಟ್ಟು, ಪಶ್ಚಾತ್ತಾಪಪಟ್ಟವನು. ಅಂಥವನು ಮಸ್ಕಿಯಲ್ಲಿ ಏನು ಬರೆಯಿಸಿದ? ಗೆಲವಿನ ಸುದ್ದಿಯೇ ಇಲ್ಲ. ತಾನು ಎರಡೂವರೆ ವರುಷಕ್ಕೂ ಮಿಕ್ಕಿ ಬುದ್ಧನ ಉಪಾಸಕನಾಗಿದ್ದೇನೆ ಎನ್ನುತ್ತಾನೆ; ಧರ್ಮದಲ್ಲಿ ತೊಡಗಿದರೆ ಸಣ್ಣವನೂ ಈ ಫಲವನ್ನು ಪಡೆಯಬಲ್ಲ, ದೊಡ್ಡವರಿಗೆ ಮಾತ್ರ ಸಾಧ್ಯವೆಂದು ತಿಳಿಯಬೇಡಿರಿ, ಸಣ್ಣವರಿಗೂ ದೊಡ್ಡವರಿಗೂ ಇದನ್ನು ಹೇಳಿರಿ ಎಂಬುದು ಮುಂದಿನ ಮಾತಿನ ತಾತ್ಪರ್ಯ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಪಾಠದಲ್ಲಿ ಇದೇ ಎಡೆಗೆ ಬರುವುದು ‘ಪಕಮ’ ಎಂಬ ಮಾತು. ಸಂಸ್ಕೃತದ ಪ್ರಕ್ರಮ, ಪರಾಕ್ರಮಗಳ ಬಳಗದ್ದು ಅದು. ಕತ್ತಿಯ ಬಳಿಯಿದ್ದ ಪರಾಕ್ರಮವನ್ನು ಅಶೋಕನು ತನ್ನನ್ನು ತಾನು ತಿದ್ದಿಕೊಳ್ಳುವ ಪ್ರಯತ್ನಕ್ಕೆ ತಂದುಬಿಟ್ಟ. ಇದು ಸಣ್ಣ ಬದಲಾವಣೆಯಲ್ಲ.

ಊರ ಬಾಗಿಲ ಕಲ್ಲೂ ದೊರೆಯ ಬಂಡೆಯೂ ಒಂದು ಕಡೆ ಕೂಡುತ್ತವೆ: ಎರಡಕ್ಕೂ ಬೇಕಾದವನು ದೊಡ್ಡ ಮನುಷ್ಯನಲ್ಲ. ಇದು ಬರಿಯ ಹಳೆಯ ಮಾತೆಂದು ತಾವು ಎಣಿಸಬಾರದಾಗಿ ಇತ್ತೀಚಿನ ಒಂದು ಸಂಗತಿ ಹೇಳುತ್ತೇನೆ. 2019ರ ಆಗಸ್ಟಿನಲ್ಲಿ ಕೃಷ್ಣೆಗೆ ಮಹಾಪೂರ ಬಂದಿತ್ತು. ಲಿಂಗಸುಗೂರಿನ ನೆರೆಯ ದೇವದುರ್ಗ ತಾಲೂಕಿನ ಒಂದು ಹಳ್ಳಿಯಲ್ಲಿ ಸೇತುವೆ ಮುಳುಗಿ, ನೀರು ಯಾವುದು, ದಾರಿ ಯಾವುದು ಎಂದು ತಿಳಿಯದಂತಾಗಿತ್ತು. ಆ ಕಡೆ ದಾಟಲು ಬಂದ ಆಂಬುಲೆನ್ಸಿನಲ್ಲಿ ಒಬ್ಬ ಹೆಂಗಸಿನ ಶವವಿತ್ತು, ಮಕ್ಕಳಿದ್ದರು. ಚಾಲಕನಿಗೆ ದಾರಿ ಕಾಣದು. ಅಲ್ಲಿ ಆಡುತ್ತಿದ್ದ ಹನ್ನೆರಡರ ಪ್ರಾಯದ ಹುಡುಗನೊಬ್ಬ ನೀರಿಗಿಳಿದ. ಎದ್ದು ಬಿದ್ದು ಮುಂದೆ ಮುಂದೆ ನಡೆದ. ಗಾಡಿ ಅವನ ಹಿಂದೆ ಬಂದು ದಡ ಮುಟ್ಟಿತು. ಜಿಲ್ಲಾಡಳಿತ ಅವನನ್ನು ಸನ್ಮಾನಿಸಿತು. ಮರುವರುಷ ರಾಷ್ಟ್ರಮಟ್ಟದ ಶೌರ್ಯ ಪ್ರಶಸ್ತಿಯೂ ಬಂದಿತು. ಪತ್ರಿಕೆಯವರು ವಿಚಾರಿಸಿದಾಗ, ಅದು ಶೌರ್ಯವೋ ಅಲ್ಲವೋ ತನಗೆ ತಿಳಿಯದು, ಚಾಲಕನಿಗೆ ನೆರವಾಗಬೇಕೆನಿಸಿತು ಎಂದನಂತೆ.